ಬೋರ್ಡಿನ ನಾಲ್ಕನೆಯ ಮೂಲೆ

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಅಡವಯ್ಯಜ್ಜ ಅಂತ ಒಬ್ಬ ಗುರು. ಅವರ ಕೈಯಲ್ಲಿ ಜಪಮಣಿಗಿಂತ ಸೂಜಿದಾರವೇ ಹೆಚ್ಚು ಹೊತ್ತು ಇರುತ್ತಿತ್ತು.

ವೇದಾಂತ ಕಲಿಯಬೇಕು ಅಂತ ಬಂದವರನ್ನೂ ಅಜ್ಜ ಮೊದಲು ಹೊಲಿಗೆಮನೆಯಲ್ಲಿ ಕೂರಿಸುತ್ತಿದ್ದರು. ಕೆಲವರು ಎರಡು ಸಲ ಸೂಜಿ ಚುಚ್ಚಿಸಿಕೊಂಡು ಊರಿನ ದಾರಿ ಹಿಡಿಯುತ್ತಿದ್ದರು. ಹೋದವರ ಬಗ್ಗೆ ಅಜ್ಜ ತಲೆ ಕೆಡಿಸಿಕೊಂಡವರಲ್ಲ.

ಹೊಲಿಗೆಮನೆಯ ನಡುವೆ ಒಂದು ದೊಡ್ಡ ಬಿದಿರು ಬುಟ್ಟಿ. ಸುತ್ತಲಿನ ಊರುಗಳ ದರ್ಜಿಗಳು ತಮ್ಮಲ್ಲಿ ಉಳಿದ ಚೂರುಬಟ್ಟೆಯನ್ನೆಲ್ಲ ತಂದು ಅದರಲ್ಲಿ ಸುರಿಯುತ್ತಿದ್ದರು. ಅಜ್ಜನ ಕಾಲು ಮುಟ್ಟಿ, ಅಡುಗೆಯ ದ್ಯಾಮವ್ವನ ಕೈಯ ಸಾರು ಉಂಡು ಹೋಗುತ್ತಿದ್ದರು. ಸಾರಿಗಾಗಿಯೇ ಬರುತ್ತಾರೆ ಅಂತ ದ್ಯಾಮವ್ವ ಹೇಳುತ್ತಿದ್ದಳು, ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಚೂರುಗಳಿಂದ ಶಿಷ್ಯರು ಮೇಜಿನ ಮೇಲೆ ಇಡುವ, ಗೋಡೆಯ ಬೋರ್ಡಿಗೆ ಹಚ್ಚುವ ಚೆಂದದ ಸಾಮಾನು ಮಾಡುತ್ತಿದ್ದರು. ಪೆನ್ನು ನಿಲ್ಲಿಸುವ ಡಬ್ಬಿ, ಕಾಗದ ಹಾರದಂತೆ ಇಡುವ ಕಲ್ಲು, ಟಪಾಲು ಸಿಕ್ಕಿಸುವ ಚೀಲ, ನೋಟಿಸ್ ಬೋರ್ಡಿನ ಅಂಚು. ಸುತ್ತಲಿನ ಎಷ್ಟೋ ಶಾಲೆಗಳ ಮೇಜಿನ ಮೇಲೆ ಅವು ಕೂತಿದ್ದವು.

ಈ ಕೆಲಸಕ್ಕೆ ಅಜ್ಜ ಇಟ್ಟಿದ್ದು ಒಂದೇ ಕಟ್ಟಳೆ. ಇದಕ್ಕಾಗಿ ಇಡೀ ಬಟ್ಟೆಗೆ ಕತ್ತರಿ ಹಾಕಬಾರದು. ಬುಟ್ಟಿ ಏನು ಕೊಡುತ್ತದೋ ಅದರಲ್ಲೇ ಮಾಡಬೇಕು.

ಅಜ್ಜನಂತೂ ಕತ್ತರಿಯನ್ನೇ ಮುಟ್ಟುತ್ತಿರಲಿಲ್ಲ. ಹೊಲಿದು ಮುಗಿದರೆ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದರು. ಮುಂದಿನ ಹಲ್ಲು ಉದುರಿದ ಮೇಲೆ ಪಕ್ಕದ ಹಲ್ಲು ಆ ಕೆಲಸಕ್ಕೆ ಬಂತು. ಈಗ ಅದೂ ಅಲುಗಾಡುತ್ತಿತ್ತು.

ಶಿಷ್ಯರಲ್ಲಿ ನೀಲಗಂಗಾ ಅಂತ ಒಬ್ಬಳಿದ್ದಳು. ಮೂವತ್ತು ದಾಟಿದ ಹೆಣ್ಣುಮಗಳು. ಅವಳ ಕೈಕೆಲಸ ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ತನ್ನ ಕೈ ಎಂಥದ್ದು ಅಂತ ಅವಳಿಗೂ ಚೆನ್ನಾಗಿ ಗೊತ್ತಿತ್ತು. ಬೇರೆಯವರು ಹೇಳಲಿ ಅಂತ ಕಾಯುವ ಪೈಕಿಯಲ್ಲ ಅವಳು.

ಅವಳದೇ ಒಂದು ಕತ್ತರಿ ಇತ್ತು. ಮನೆಯಿಂದ ತಂದದ್ದು. ಅದಕ್ಕೆ ಎಣ್ಣೆ ಒರೆಸಿ, ಬಟ್ಟೆ ಸುತ್ತಿ, ತಲೆದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದಳು. ಯಾರಾದರೂ ಮುಟ್ಟಿದರೆ ಇಡೀ ದಿನ ಮುಖ ಊದಿಸಿಕೊಂಡಿರುತ್ತಿದ್ದಳು.

ಹೊಳೆಯ ಆಚೆ ದಂಡೆಯಲ್ಲಿ ಆಶ್ರಮದವರು ಹೊಸದೊಂದು ಶಾಲೆ ಕಟ್ಟಿಸಿದ್ದರು. ಅಲ್ಲಿ ಮಕ್ಕಳಿಗೆ ಕೈಕೆಲಸ ಕಲಿಸಲು ಒಬ್ಬರು ಬೇಕಾಗಿತ್ತು. ಆ ಸೀಮೆಯ ಮಕ್ಕಳು ಶಾಲೆಯಲ್ಲಿ ಕಲಿಸುವ ಹೆಂಗಸನ್ನು ‘ಅಕ್ಕೋರು’ ಅಂತ ಕರೆಯುತ್ತಾರೆ. ಆ ಕರೆ ಕೇಳಬೇಕು ಅಂತ ನೀಲಗಂಗಾಳ ಜೀವ ಹಂಬಲಿಸುತ್ತಿತ್ತು. ಅದಕ್ಕಿಂತ ಹೆಚ್ಚಿನ ಆಸೆಯನ್ನು ಅವಳು ಜನ್ಮದಲ್ಲಿ ಮಾಡಿದವಳಲ್ಲ.

ಒಂದು ದಿನ ಅಜ್ಜನ ಎದುರು ಹೋಗಿ ನಿಂತಳು.

“ಅಜ್ಜಾರ, ಆ ಸಾಲಿಗೆ ನನ್ನ ಕಳಿಸ್ರಿ.”

ಅಜ್ಜ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ.

“ನಿನ್ನನ್ನ ಯಾಕ?”

“ನನ್ನಂಥ ಕೈ ಇಲ್ಲಿ ಯಾರಿಗೈತ್ರಿ? ನೀವ ಹೇಳ್ರಿ.”

“ಯಾರಿಗೂ ಇಲ್ಲ,” ಅಂದರು ಅಜ್ಜ. ದಾರ ಪೋಣಿಸಿ ಆಯಿತು. “ಆ ಸಾಲಿಯ ಮೇಜು, ಬೋರ್ಡು ಎರಡೂ ಬೋಳು ಅದಾವ. ಅವಕ್ಕ ಬೇಕಾದ್ದು ಮಾಡಿ ಹಚ್ಚು. ನಾನು ಬಂದು ನೋಡ್ತೀನಿ. ಆಮ್ಯಾಲ ಮಾತಾಡೂಣು.”

ನೀಲಗಂಗಾ ಖುಷಿಯಿಂದ ಹೊರಬಂದಳು. ಇಂಥ ಪರೀಕ್ಷೆ ಅವಳಿಗೆ ಹಬ್ಬದೂಟ ಇದ್ದಂತೆ. ಅಂದೇ ಬುಟ್ಟಿಯ ಮುಂದೆ ಕೂತಳು.

ಬಿದಿರಿನ ತುಂಡಿಗೆ ಇಳಕಲ್ ಸೀರೆಯ ಸೆರಗಿನ ಚೂರು ಸುತ್ತಿ ಪೆನ್ನಿನ ಡಬ್ಬಿ ಮಾಡಿದಳು. ಹೊಳೆಯ ಗುಂಡುಕಲ್ಲಿಗೆ ಬಣ್ಣಬಣ್ಣದ ನೂಲು ಸುತ್ತಿ ಕಾಗದದ ಮೇಲೆ ಇಡುವಂತೆ ಮಾಡಿದಳು. ಹಳೆಯ ಲಗ್ನಪತ್ರಿಕೆಗಳ ರಟ್ಟಿಗೆ ಹೂವಿನ ವಾಯಿಲ್ ಬಟ್ಟೆ ಅಂಟಿಸಿ ಟಪಾಲಿನ ಚೀಲ ಮಾಡಿದಳು. ಒಡೆದ ಗುಂಡಿಗಳಿಗೆ ರೇಷ್ಮೆ ಚೂರು ಹೊದಿಸಿ, ಗುಂಡುಸೂಜಿಯ ತಲೆಗೆ ಕೂರಿಸಿ, ಬೋರ್ಡಿಗೆ ಚುಚ್ಚುವ ಹೂಗಳನ್ನು ಮಾಡಿದಳು.

ನೋಡಿದವರೆಲ್ಲ ಹೊಗಳಿದರು. ದ್ಯಾಮವ್ವ ಒಲೆ ಬಿಟ್ಟು ಬಂದು ನೋಡಿ, “ನಿನ್ನ ಕೈಗೆ ಬಂಗಾರದ ಬಳಿ ಹಾಕಬೇಕು ತಂಗೀ,” ಅಂದಳು.

ಉಳಿದದ್ದು ಬೋರ್ಡಿನ ಅಂಚು. ಅದೇ ಅವಳ ಮುಖ್ಯ ಕೆಲಸ.

ಹಸಿರು ಖಣದ ಚೂರುಗಳನ್ನು ಒಂದಕ್ಕೊಂದು ಜೋಡಿಸಿ ಬೋರ್ಡಿನ ಸುತ್ತ ಒಂದು ಬಳ್ಳಿ ಹರಿಸಿದಳು. ಖಣ ಅಂದರೆ ರವಿಕೆ ಹೊಲಿಸುವ ಬಟ್ಟೆ, ಹೆಣ್ಣುಮಕ್ಕಳ ಉಡಿ ತುಂಬುವಾಗ ಮಡಿಲಿಗೆ ಹಾಕುವುದೂ ಅದನ್ನೇ. ಮೂಲೆಗೊಂದು ದೊಡ್ಡ ಎಲೆ. ಮೊದಲ ಮೂಲೆ ಆಯಿತು. ಎರಡನೆಯದು, ಮೂರನೆಯದು ಆಯಿತು. ನಾಲ್ಕನೆಯ ಮೂಲೆಗೆ ಬಂದಾಗ ಹಸಿರು ಮುಗಿಯಿತು.

ಬುಟ್ಟಿಯನ್ನು ಬೋರಲು ಹಾಕಿ ಹುಡುಕಿದಳು. ಪಟ್ಟೆಪಟ್ಟೆ ಪೈಜಾಮದ ಚೂರು ಇತ್ತು. ಬಿಳಿ ಧೋತರದ ಚಿಂದಿ ಇತ್ತು. ಒಂದು ಖಾಕಿ ಪ್ಯಾಂಟಿನ ಜೇಬು ಇತ್ತು, ದಪ್ಪನೆಯದು, ಹರಿದ ಕಡೆ ಯಾರೋ ಹಳದಿ ದಾರದಿಂದ ತೇಪೆ ಹಾಕಿದ್ದರು. ಹಸಿರು ಮಾತ್ರ ಒಂದು ಎಳೆಯೂ ಇರಲಿಲ್ಲ.

ಅಜ್ಜ ಆ ಕಡೆ ಬಂದರು.

“ಏನವಾ, ಬುಟ್ಟಿಗೆ ಶೀರ್ಷಾಸನ ಹಾಕಿಸಿದಿ?”

“ಒಂದು ಮೂಲಿ ಉಳೀತ್ರಿ. ಹಸರು ಸಾಲವಲ್ದು.”

“ಬುಟ್ಟ್ಯಾಗ ಏನೈತಿ?”

“ಖಾಕಿ ಐತ್ರಿ.” ನೀಲಗಂಗಾ ಮೂಗು ಮುರಿದಳು.

“ಖಾಕಿ ಏನು ಪಾಪ ಮಾಡೈತಿ?”

“ಬಳ್ಳಿಗೆ ಎಲ್ಲರೆ ಖಾಕಿ ಎಲಿ ಬಿಡತೈತೇನ್ರಿ, ಅಜ್ಜಾರ?”

“ನಿನ್ನ ಬಳ್ಳಿ. ನಿನಗ ಗೊತ್ತು,” ಅಂದು ಅಜ್ಜ ಹೊರಟುಹೋದರು.

ನೀಲಗಂಗಾ ಎರಡು ದಿನ ದರ್ಜಿಗಳಿಗಾಗಿ ಕಾದಳು. ಒಬ್ಬರೂ ಬರಲಿಲ್ಲ. ಮೂರು ಮೂಲೆ ಹಸಿರಾಗಿ ಕಂಗೊಳಿಸುತ್ತಿದ್ದವು. ನಾಲ್ಕನೆಯದು ಅವಳ ಕಣ್ಣು ಚುಚ್ಚುತ್ತಿತ್ತು. ಊಟ ರುಚಿಸಲಿಲ್ಲ. ಒಂದು ಎಲೆಯ ಸಲುವಾಗಿ ಶಾಲೆ ಕೈ ತಪ್ಪಿದರೆ ಏನು ಗತಿ ಅನ್ನುವುದೇ ಚಿಂತೆಯಾಯಿತು.

ಮೂರನೆಯ ದಿನ ದಾರ ತರಲು ಉಗ್ರಾಣಕ್ಕೆ ಹೋದಳು. ಅಲ್ಲಿ ಒಂದು ಪೆಟ್ಟಿಗೆ. ಭಕ್ತರು ಕೊಟ್ಟ ಶಾಲು, ಸೀರೆ, ಪಂಚೆ ಎಲ್ಲ ಅದರಲ್ಲೇ ಇರುತ್ತಿದ್ದವು. ಮುಚ್ಚಳ ಎತ್ತಿದಳು. ಎಲ್ಲಕ್ಕಿಂತ ಮೇಲೆ ಒಂದು ಖಣ. ಹಸಿರೆಂದರೆ ಹಸಿರು. ಅವಳ ಬಳ್ಳಿಯದೇ ಹಸಿರು.

ಇಡೀ ಬಟ್ಟೆ, ಮಡಿಕೆಯೂ ಬಿಚ್ಚಿರಲಿಲ್ಲ. ಕಟ್ಟಳೆ ಅವಳಿಗೆ ನೆನಪಿರಲಿಲ್ಲ ಅಂತಲ್ಲ. ಚೆನ್ನಾಗಿಯೇ ನೆನಪಿತ್ತು.

ಒಂದು ಗೇಣು ಹೋದರೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡಳು. ಯಾವ ಭಕ್ತರು ಯಾವಾಗ ಕೊಟ್ಟದ್ದೋ. ಇಂದಲ್ಲ ನಾಳೆ ಇದೂ ಚೂರಾಗಿ ಬುಟ್ಟಿಗೆ ಬೀಳುವುದೇ ಅಂದುಕೊಂಡಳು. ಇಷ್ಟು ಅಂದುಕೊಳ್ಳುವುದರೊಳಗೆ ಕತ್ತರಿ ಕೈಗೆ ಬಂದಿತ್ತು.

ಕತ್ತರಿ ಬಲು ಚೂಪು. ಸದ್ದೇ ಆಗಲಿಲ್ಲ.

ಚೂರನ್ನು ಮಡಚಿ ಹೊಲಿದಳು, ನಾಲ್ಕನೆಯ ಮೂಲೆಗೂ ಎಲೆ ಬಂತು. ಮರುದಿನ ಬೆಳಿಗ್ಗೆ ಗುರುಶಿಷ್ಯರಿಬ್ಬರೂ ತೆಪ್ಪದಲ್ಲಿ ಕೂತು ಹೊಳೆ ದಾಟಿದರು. ಬೋರ್ಡಿನ ಅಂಚನ್ನು ನೀಲಗಂಗಾ ತೊಡೆಯ ಮೇಲೆ ಇಟ್ಟುಕೊಂಡು, ನೀರು ಸಿಡಿಯದಂತೆ ಸೆರಗು ಮುಚ್ಚಿಕೊಂಡು ಬಂದಳು.

ಶಾಲೆಯ ಗೋಡೆಗೆ ಇನ್ನೂ ಸುಣ್ಣದ ವಾಸನೆ ಇತ್ತು. ಅವಳು ಮೇಜಿನ ಮೇಲೆ ಡಬ್ಬಿ ಇಟ್ಟಳು, ಕಲ್ಲು ಇಟ್ಟಳು, ಚೀಲ ತೂಗುಹಾಕಿದಳು. ಬೋರ್ಡಿಗೆ ಅಂಚು ಕೂರಿಸಿ, ಹೂವಿನ ಗುಂಡುಸೂಜಿಗಳನ್ನು ಸಾಲಾಗಿ ಚುಚ್ಚಿದಳು. ಬೋಳು ಕೋಣೆ ಮದುವಣಗಿತ್ತಿಯ ಹಾಗೆ ಆಯಿತು. ನೀಲಗಂಗಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

ಅಜ್ಜ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರು.

“ಡಬ್ಬಿ ಚಲೋ ಆಗೈತಿ. ಕಲ್ಲು ಭಾಳ ಚಲೋ ಆಗೈತಿ. ಈ ಹೂವಂತೂ ದುಂಬಿ ಬಂದು ಕೂಡಬೇಕು, ಹಂಗದಾವ.”

ಆಮೇಲೆ ಬೋರ್ಡಿನ ಹತ್ತಿರ ಹೋದರು. ಬೆರಳಿನಿಂದ ಬಳ್ಳಿಯನ್ನು ಸವರುತ್ತ ಹೋದರು. ಬುಟ್ಟಿಯ ಚೂರು ಅಂದರೆ ಅಂಚು ಎಳೆಎಳೆ ಬಿಟ್ಟಿರುತ್ತದೆ, ಬಣ್ಣ ಅಷ್ಟಿಷ್ಟು ಮಾಸಿರುತ್ತದೆ. ನಾಲ್ಕನೆಯ ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲಿ ಬಟ್ಟೆಯ ಗಂಜಿ ಕೂಡ ಬಿಟ್ಟಿರಲಿಲ್ಲ.

“ಈ ಚೂರು ಎಲ್ಲಿಂದ ಬಂತು, ನೀಲಾ?”

ನೀಲಗಂಗಾ ಬೋರ್ಡಿನಿಂದ ಕಣ್ಣು ತೆಗೆದಳು. ಬಾಯಿ ಮಾತ್ರ ಗಟ್ಟಿಯಾಗಿತ್ತು.

“ಬುಟ್ಟಿ ಕೊಟ್ತ್ರಿ.”

“ಹೌದಾ? ಚಲೋ ಆತು ಬಿಡು,” ಅಂದರು ಅಜ್ಜ. “ಉಳಿದದ್ದನ್ನೂ ಕೊಡು ಅಂತ ಆ ಬುಟ್ಟಿಗೆ ಹೇಳು.”

ಇಷ್ಟು ಹೇಳಿ ತೆಪ್ಪದ ಕಡೆ ನಡೆದರು. ದಾರಿಯುದ್ದಕ್ಕೂ ಅಂಬಿಗನ ಜತೆ ಮೀನಿನ ಮಾತು ಆಡಿದರೇ ಹೊರತು ಶಾಲೆಯ ಮಾತು ಎತ್ತಲಿಲ್ಲ. ನೀಲಗಂಗಾ ನೀರು ನೋಡುತ್ತ ಕೂತಳು.

ಆಶ್ರಮಕ್ಕೆ ಬಂದಾಗ ದ್ಯಾಮವ್ವ ಅಂಗಳದಲ್ಲೇ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ತೊಡೆಯ ಮೇಲೆ ಆ ಹಸಿರು ಖಣ.

“ನೋಡ್ರಿ ಅಜ್ಜಾರ,” ಅಂದಳು. “ನಾಳೆ ನನ್ನ ಮಗಳು ರೇಣವ್ವನ ಕುಬಸ. ಎಷ್ಟೋ ವರ್ಷ ಹರಕಿ ಹೊತ್ತ ಮ್ಯಾಲ ಬಸಿರಾಗ್ಯಾಳ. ಅಕಿ ಉಡಿ ತುಂಬಾಕ ಅಂತ ಗುಳೇದಗುಡ್ಡಕ್ಕ ಹೋಗಿ ತಂದ ಖಣ. ನಿಮ್ಮ ಪೆಟ್ಟಿಗ್ಯಾಗ ಇದ್ರ ಭದ್ರ ಅಂತ ಇಟ್ಟಿದ್ದೆ. ಮೂಲಿಯೇ ಇಲ್ಲ ಈಗ.”

ಬಸುರಿಗೆ ಹಸಿರು ಉಡಿಸಿ, ಮಡಿಲಿಗೆ ಖಣ ಹಾಕಿ ಹರಸುವ ಶಾಸ್ತ್ರಕ್ಕೆ ಅಲ್ಲಿ ಕುಬಸ ಅನ್ನುತ್ತಾರೆ. ಆ ಖಣ ಇಡಿಯಾಗಿ ಇರಬೇಕು. ಕತ್ತರಿ ತಾಗಿದ್ದನ್ನು ಯಾರೂ ಮಡಿಲಿಗೆ ಹಾಕುವುದಿಲ್ಲ.

“ಇಲಿ ಕಡಿದಿರಬೇಕು,” ಅಂದರು ಅಜ್ಜ.

“ಇಲಿ ಹಿಂಗ ನೆಟ್ಟಗ ಕತ್ತರಸ್ತಾವೇನ್ರಿ?”

“ಕಲಿತ ಇಲಿ ಇರಬೇಕು.”

ಅಜ್ಜ ನೀಲಗಂಗಾಳ ಕಡೆ ನೋಡಲೇ ಇಲ್ಲ. ಜಗಲಿಯ ಮೇಲೆ ಕೂತು ಕಾಲಿನ ಮರಳು ಉದುರಿಸತೊಡಗಿದರು.

ಸುಮ್ಮನಿದ್ದರೆ ತಪ್ಪು ಇಲಿಯ ತಲೆಗೆ ಹೋಗುತ್ತಿತ್ತು. ಶಾಲೆ ಉಳಿದರೂ ಉಳಿಯುತ್ತಿತ್ತು. ಬಾಯಿಬಿಟ್ಟರೆ ‘ಅಕ್ಕೋರು’ ಅಂತ ಯಾರೂ ಕರೆಯುವುದಿಲ್ಲ. ನೀಲಗಂಗಾಗೆ ಎರಡೂ ಸರಿಯಾಗಿ ಗೊತ್ತಿತ್ತು. ಆದರೆ ದ್ಯಾಮವ್ವನ ಹೆಬ್ಬೆರಳು ಆ ಕತ್ತರಿಸಿದ ಅಂಚಿನ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಅದನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ.

“ದ್ಯಾಮವ್ವಕ್ಕಾ, ಇಲಿ ಅಲ್ಲ. ನಾನು.”

ದ್ಯಾಮವ್ವ ತಲೆ ಎತ್ತಿದಳು.

“ಬೋರ್ಡಿಗೆ ಒಂದು ಎಲಿ ಬೇಕಾಗಿತ್ತು. ನಾನ ಕತ್ತರಿಸಿದೆ. ಅಜ್ಜಾರ ಮುಂದ ಸುಳ್ಳೂ ಹೇಳಿದೆ.”

“ಎಲಿಗೆ?” ಅಂದಳು ದ್ಯಾಮವ್ವ. “ನನ್ನ ಮಗಳ ಉಡ್ಯಾಗಿಂದು ನಿನಗ ಎಲಿಗೆ ಬೇಕಾತೇನ? ಈ ಕೈಗೆ ಬಂಗಾರದ ಬಳಿ ಅಂದಿದ್ನಲ್ಲ ನಾನು.” ಖಣವನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಅಂದು ಆಶ್ರಮದಲ್ಲಿ ಯಾರಿಗೂ ಸಾರು ಸಿಗಲಿಲ್ಲ.

ನೀಲಗಂಗಾ ಅಜ್ಜನ ಎದುರು ಕೂತಳು. ಕಣ್ಣಲ್ಲಿ ನೀರು ತುಂಬಿತ್ತು.

“ಸಾಲಿ ಬಿಡ್ತೀನ್ರಿ, ಅಜ್ಜಾರ.”

“ಬಿಡಾಕ ನಿನಗ ಸಾಲಿ ಕೊಟ್ಟವರು ಯಾರು?”

ನೀಲಗಂಗಾ ಮೆಲ್ಲಗೆ ಅಂದಳು:

“ತಪ್ಪಾತ್ರಿ. ಆದ್ರ ಒಂದ ಗೇಣಲ್ರಿ ಅದು. ಹೆಂಗೂ ನಾಡದು ದರ್ಜಿ ಕೈಗೆ ಹೋದ್ರ ಅವನೂ ಕತ್ತರಸ್ತಾನ.”

“ಕತ್ತರಸ್ತಾನ,” ಅಂದರು ಅಜ್ಜ. “ಉಡ್ಯಾಗ ಬಿದ್ದ ಮ್ಯಾಲ.”

ನೀಲಗಂಗಾ ಎದ್ದಳು. ಅದೇ ತೆಪ್ಪದಲ್ಲಿ ಮತ್ತೆ ಹೊಳೆ ದಾಟಿದಳು. ಬೋರ್ಡಿನ ಅಂಚನ್ನೇ ಕಳಚಿಕೊಂಡು ಬಂದು, ಹೊಳೆಯ ಮೆಟ್ಟಿಲ ಮೇಲೆ ಕೂತು, ನಾಲ್ಕನೆಯ ಎಲೆಯನ್ನು ಬಿಚ್ಚಿ, ಮಡಿಕೆ ಬಿಡಿಸಿ, ಖಣಕ್ಕೆ ವಾಪಸು ಜೋಡಿಸಿ ಹೊಲಿದಳು. ಎಳೆಗೆ ಎಳೆ ಕೂಡಿಸಿ ಹೊಲಿದಳು. ಜನ್ಮದಲ್ಲಿ ಅಷ್ಟು ಸಣ್ಣ ಹೊಲಿಗೆಯನ್ನು ಅವಳು ಹಾಕಿರಲಿಲ್ಲ. ಎರಡು ಮಾರು ದೂರದಿಂದ ನೋಡಿದರೆ ಇಡೀ ಖಣವೇ.

ಸಂಜೆ ಅಡುಗೆಮನೆಗೆ ಹೋಗಿ ದ್ಯಾಮವ್ವನ ಕೈಗೆ ಕೊಟ್ಟಳು. ದ್ಯಾಮವ್ವ ದೀಪದ ಹತ್ತಿರ ಹಿಡಿದು, ಹೆಬ್ಬೆರಳು ಆಡಿಸಿ ನೋಡಿದಳು. ಈಗ ಅವಳಲ್ಲಿ ಸಿಟ್ಟು ಇಳಿದಿತ್ತು. ದುಃಖ ಇಳಿದಿರಲಿಲ್ಲ.

“ಹೊಲಿಗಿ ಭಾಳ ಚಲೋ ಐತಿ, ತಂಗೀ. ಆದ್ರ ಇದನ್ನ ನನ್ನ ಮಗಳ ಉಡ್ಯಾಗ ಹಾಕಾಕ ಬರೂದಿಲ್ಲ.”

“ಮತ್ತ ಏನು ಮಾಡ್ತಿ, ಅಕ್ಕಾ?”

“ಏನು ಮಾಡಲಿ? ಅಕ್ಕಿ ಹಾಕ್ತೀನಿ, ಅರಿಷಿಣ ಕೊಬ್ಬರಿ ಹಾಕ್ತೀನಿ. ಖಣ ಇಲ್ಲ ಅಂತೀನಿ.”

ನೀಲಗಂಗಾ ಖಣ ಹಿಡಿದುಕೊಂಡೇ ಹೊಳೆಯ ಕಡೆ ಬಂದಳು. ಅಜ್ಜ ಮೆಟ್ಟಿಲ ಮೇಲೆ ಕೂತು ಒಂದು ಜೋಳಿಗೆಗೆ ಬಾರು ಹಚ್ಚುತ್ತಿದ್ದರು. ಅವಳು ಒಂದು ಮೆಟ್ಟಿಲು ಕೆಳಗೆ ಕೂತಳು.

“ನನ್ನ ಕೈಲಿ ಆಗೂದೆಲ್ಲ ಮಾಡಿದೆ, ಅಜ್ಜಾರ. ಕೂಡಲಿಲ್ಲ.”

ಅಜ್ಜ ದಾರ ಎಳೆದರು.

“ನಿನ್ನ ಟ್ರಂಕಿನಾಗ ಒಂದು ಖಣ ಐತೆಲ್ಲ, ಬಂದ ದಿನ ತೋರಿಸಿದ್ದಿ.”

“ಐತ್ರಿ. ಇಲ್ಲಿಗೆ ಬರೂ ಮುಂದ ನಮ್ಮವ್ವ ಉಡ್ಯಾಗ ಹಾಕಿದ್ದು.”

“ಯಾವ ಬಣ್ಣದ್ದು?”

ನೀಲಗಂಗಾ ಬಾಯಿ ತೆರೆದಳು. ಬಣ್ಣ ಈಗ ನೆನಪಾಯಿತು.

“ಹಸರು.”

“ಬೋರ್ಡಿಗೆ ಹಸರು ಸಾಲದಾದಾಗ ಅದನ್ನ ಯಾಕ ಕತ್ತರಸಲಿಲ್ಲ?”

“ಅದು ನನ್ನ ತಲ್ಯಾಗ ಬರಲೇ ಇಲ್ರಿ.”

“ಯಾಕ ಬರಲಿಲ್ಲ?”

“ಅದು ನಮ್ಮವ್ವ ಕೊಟ್ಟಿದ್ದಲ್ರಿ. ಈಗ ಅವ್ವನೂ ಇಲ್ಲ. ಅದಕ್ಕ ಹೆಂಗ...”

ಮಾತು ಅಲ್ಲೇ ನಿಂತಿತು. ಕೈಯಲ್ಲಿದ್ದ ಖಣವನ್ನು ಅವಳು ನೋಡಿದಳು. ಇದೂ ಒಬ್ಬ ಅವ್ವ ಪೇಟೆ ಸುತ್ತಿ, ಆರಿಸಿ ತಂದದ್ದು. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಕಟ್ಟಳೆ ಮುರಿದಾಗ ಆಗದ ನಾಚಿಕೆ ಈಗ ಆಯಿತು.

ಬಾರು ಹಚ್ಚಿ ಆಗಿತ್ತು. ಅಜ್ಜ ಅಲುಗಾಡುವ ಹಲ್ಲಿನಿಂದ ದಾರ ಕಡಿದು, ಜೋಳಿಗೆ ಕೊಡವಿ ಎದ್ದುಹೋದರು.

ಮರುದಿನ ಬೆಳಿಗ್ಗೆ ರೇಣವ್ವ ಬಂದಳು. ಹಸಿರು ಸೀರೆ, ಕೈತುಂಬ ಹಸಿರು ಬಳೆ. ಮಣೆಯ ಮೇಲೆ ಕೂರಿಸಿ ಹೆಂಗಸರು ಆರತಿಗೆ ಅಣಿಯಾಗುತ್ತಿದ್ದರು. ನೀಲಗಂಗಾ ದ್ಯಾಮವ್ವನನ್ನು ಬಾಗಿಲ ಮರೆಗೆ ಕರೆದು ತನ್ನ ಖಣ ಕೊಟ್ಟಳು. ಮಡಿಕೆ ಬಿಚ್ಚಿರಲಿಲ್ಲ. ಅವ್ವ ಇಟ್ಟ ಕುಂಕುಮದ ಬೊಟ್ಟು ಇನ್ನೂ ಮೂಲೆಯಲ್ಲಿತ್ತು.

ದ್ಯಾಮವ್ವ ಆ ಬೊಟ್ಟು ನೋಡಿದಳು, ಅವಳ ಮುಖ ನೋಡಿದಳು.

“ಇದು ನಿಮ್ಮವ್ವನ ನೆಪ್ಪಿಗೆ ಇಟ್ಟಿದ್ದಲ್ಲ?”

“ಹೌದಕ್ಕಾ. ಇಡಿಯಾಗಿ ಐತಿ. ತಗೋ.”

“ನಿನಗ ಸಂಕಟ ಆಗೂದಿಲ್ಲೇನು?”

“ಆಗತೈತಿ,” ಅಂದಳು ನೀಲಗಂಗಾ. “ಆದ್ರೂ ತಗೋ.”

ದ್ಯಾಮವ್ವ ತಗೊಂಡಳು. ಒಂದು ಹೆಜ್ಜೆ ಹೋದವಳು ತಿರುಗಿ ಬಂದು ನೀಲಗಂಗಾಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. “ಬಾ, ನೀನ ಹಾಕು.” ನೀಲಗಂಗಾ ರೇಣವ್ವನ ಮಡಿಲಿಗೆ ಖಣ ಹಾಕಿದಳು. ಅಂದು ಸಾರು ಮಾತ್ರ ಅಲ್ಲ, ಹೋಳಿಗೆಯೂ ಇತ್ತು.

ಹೊಲಿದು ಕೂಡಿಸಿದ ಖಣ ನೀಲಗಂಗಾಳ ಟ್ರಂಕಿಗೆ ಹೋಯಿತು.

ಊಟವಾದ ಮೇಲೆ ಅಜ್ಜ ಕೈ ಒರೆಸಿಕೊಳ್ಳುತ್ತ ಅಂದರು:

“ನಾಳೆ ಸಾಲಿ ಸುರು. ಆ ಬೋರ್ಡಿನ ಮೂಲಿ ನನ್ನ ಬಾಯಿ ಹಂಗ ಕಾಣತೈತಿ. ಏನರೆ ಮಾಡು.”

ಯಾರು ಕಲಿಸುತ್ತಾರೆ ಅಂತ ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳುವ ಮುಖ ಇಲ್ಲ ಅಂದುಕೊಂಡಳು. ಆದರೂ ಅರ್ಧ ಕೆಲಸ ಬಿಟ್ಟು ಹೋಗುವವಳಲ್ಲ ಅವಳು. ಹೊಲಿಗೆಮನೆಗೆ ಹೋಗಿ ಬುಟ್ಟಿಗೆ ಕೈ ಹಾಕಿದಳು. ಖಾಕಿ ಜೇಬು ಕೈಗೆ ಬಂತು.

ದಪ್ಪ ಬಟ್ಟೆ. ಸೂಜಿ ಬಗ್ಗಿತು, ಬೆರಳು ನೊಂದಿತು. ಎಲೆ ಮಾಡಲು ನೋಡಿದಳು, ಆಗಲಿಲ್ಲ. ಮಡಚಿದಳು, ತಿರುವಿದಳು. ಕೊನೆಗೆ ಜೇಬನ್ನು ಜೇಬಾಗಿಯೇ ಬಿಟ್ಟಳು. ಹಳದಿ ತೇಪೆಯನ್ನು ಬಿಚ್ಚಲೂ ಇಲ್ಲ, ಮುಚ್ಚಲೂ ಇಲ್ಲ. ಬಳ್ಳಿ ಮೂರು ಮೂಲೆ ಸುತ್ತಿ ಬಂದು ಆ ಜೇಬಿನೊಳಗೆ ಇಳಿಯುವಂತೆ ಹೊಲಿದಳು. ಸೀಮೆಸುಣ್ಣದ ತುಂಡು ಇಡಲು ಒಂದು ಜಾಗವಾಯಿತು. ಚೆಂದ ಕಾಣುತ್ತದೋ ಇಲ್ಲವೋ ಅಂತ ಈ ಸಲ ಅವಳಿಗೆ ಗೊತ್ತಾಗಲಿಲ್ಲ.

ಬೆಳಿಗ್ಗೆ ಅಜ್ಜ, ನೀಲಗಂಗಾ, ಬುಟ್ಟಿ ಮೂವರೂ ಹೊಳೆ ದಾಟಿದರು. ನೀಲಗಂಗಾ ಅಂಚನ್ನು ಮತ್ತೆ ಬೋರ್ಡಿಗೆ ಕೂರಿಸಿದಳು.

ಮಕ್ಕಳು ಬಂದವು. ಬಾಗಿಲಲ್ಲೇ ನಿಂತು ಮೇಜು ನೋಡಿದವು, ಬೋರ್ಡು ನೋಡಿದವು. ಹೊಸ ಜಾಗ, ಹೊಸ ಜನ, ಒಳಗೆ ಕಾಲಿಡಲು ಒಂದಕ್ಕೂ ಧೈರ್ಯ ಇಲ್ಲ. ಎಣ್ಣೆ ಸುರಿಯುವ ಹಾಗೆ ತಲೆ ಬಾಚಿಕೊಂಡು ಬಂದ ಒಂದು ಪುಟ್ಟ ಹುಡುಗಿ ಮಾತ್ರ ಬೋರ್ಡನ್ನೇ ದಿಟ್ಟಿಸುತ್ತಿದ್ದಳು. ನೋಡನೋಡುತ್ತ ಸೀದಾ ಒಳಗೆ ಬಂದು ನಾಲ್ಕನೆಯ ಮೂಲೆಗೆ ಬೆರಳು ಮಾಡಿದಳು.

“ಇದು ನಮ್ಮಪ್ಪನ ಪ್ಯಾಂಟು.”

ಮಕ್ಕಳೆಲ್ಲ ಕಿಸಕ್ಕೆಂದು ನಕ್ಕವು.

“ನಗಬ್ಯಾಡ್ರಿ,” ಅಂದಳು ಹುಡುಗಿ. “ನಮ್ಮಪ್ಪ ಬಸ್ ಡ್ರೈವರ್ ಅದಾನ. ಕಿಸೆ ಹರಿದಿತ್ತು. ನಮ್ಮವ್ವಗ ಖಾಕಿ ದಾರ ಸಿಗಲಿಲ್ಲ, ಹಳದೀದ ಹೊಲಿದ್ಲು. ಆಮ್ಯಾಲ ಆ ಪ್ಯಾಂಟ ಕತ್ತರಿಸಿ ನಮ್ಮಣ್ಣಗ ಚಡ್ಡಿ ಹೊಲಿಸಿದ್ರು.” ಜೇಬಿನೊಳಗೆ ಕೈ ಇಟ್ಟು ನೋಡಿದಳು. ಅವಳ ಕೈ ಪೂರ್ತಿ ಒಳಗೆ ಹೋಯಿತು. “ಹೌದು. ನಮ್ಮಪ್ಪಂದ.”

ಆಮೇಲೆ ಬಾಗಿಲ ಕಡೆ ತಿರುಗಿ ಉಳಿದವರನ್ನು ಕರೆದಳು, ತನ್ನದೇ ಮನೆಗೆ ಕರೆಯುವ ಹಾಗೆ. ಎಲ್ಲ ಒಳಗೆ ಬಂದವು. ಬುಟ್ಟಿಯ ಸುತ್ತ ಮುಗಿಬಿದ್ದವು. ತಮ್ಮ ತಮ್ಮ ಮನೆಯ ಚೂರು ಸಿಗುತ್ತದೋ ಅಂತ ಹುಡುಕತೊಡಗಿದವು.

ನೀಲಗಂಗಾ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಒರೆಸಿಕೊಂಡಳು. ಹಸಿರು ಎಲೆ ಅಲ್ಲೇ ಇದ್ದಿದ್ದರೆ ಈ ಹುಡುಗಿ ಒಳಗೆ ಬರುತ್ತಿರಲಿಲ್ಲ ಅನ್ನುವುದು ಅವಳಿಗೆ ಹೊಳೆಯಿತು. ಸೊಂಟದಲ್ಲಿ ಸಿಕ್ಕಿಸಿದ್ದ ಕತ್ತರಿಯನ್ನು ತೆಗೆದಳು. ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚಿದಳು. ಅಜ್ಜ ಮೇಜಿನ ಪಕ್ಕದ ಸ್ಟೂಲ್ ಮೇಲೆ ಕೂತಿದ್ದರು. ಅವರ ಕಾಲ ಹತ್ತಿರ ಇಟ್ಟು ಕೈಮುಗಿದಳು.

“ಅಜ್ಜಾರ, ಇನ್ನ ಇದನ್ನ ಮುಟ್ಟೂದಿಲ್ರಿ. ಹೊಳ್ಯಾಗ ಒಗದು ಬರ್ತೀನಿ. ನಿಮ್ಮಂಗ ನಾನೂ ಹಲ್ಲಿಲೇ ಕಡೀತೀನಿ.”

ಅಜ್ಜ ಬಗ್ಗಿ ಕತ್ತರಿ ಎತ್ತಿಕೊಂಡರು. ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅದರ ಹರಿತಕ್ಕೆ ಮೆಚ್ಚಿ ತಲೆ ಆಡಿಸಿದರು.

ಬುಟ್ಟಿಯ ಹತ್ತಿರ ಆ ಪುಟ್ಟ ಹುಡುಗಿ ಆಗಲೇ ಒಂದು ಗುಂಡಿಗೆ ಬಟ್ಟೆ ಸುತ್ತಿ, ದಾರ ಬಿಗಿದು, ಆ ದಾರವನ್ನು ಬಾಯಿಗೆ ಹಾಕಿಕೊಂಡು ಕಚ್ಚುತ್ತಿದ್ದಳು. ದಾರ ಹರಿಯಲೊಲ್ಲದು. ಎಂಜಲು ಗದ್ದಕ್ಕೆ ಇಳಿದಿತ್ತು.

ಅಜ್ಜ ಕತ್ತರಿಯ ಹಿಡಿಯನ್ನು ನೀಲಗಂಗಾಳ ಕಡೆ ಮಾಡಿ ಚಾಚಿದರು.

“ಅಕ್ಕೋರ, ಆ ಕೂಸು ಹಾಲಹಲ್ಲಿಲೇ ದಾರ ಕಡಿಯಾಕ ಒದ್ದಾಡಾಕತ್ತೈತಿ. ಕತ್ತರಿ ಅದರ ಕೈಯಾಗ ಕೊಡ್ರಿ.”